ಒಂದು ತಾಳಮದ್ದಳೆಯ ಕ್ಯಾಸೆಟ್ಟು, ಎರಡು ದೇಶಗಳ ಕಾನೂನು ಮತ್ತು ನಮ್ಮ ವಿಳಾಸ

ನಮ್ಮ ಊರಿನ ಯಕ್ಷಗಾನ ಕಲಾಸಂಘದ ಹೆಸರಿನಲ್ಲಿ ಅಂತರ್ಜಾಲದಲ್ಲಿ ಹಂಚಿಕೊಂಡಿದ್ದ ತಾಳಮದ್ದಳೆಯ (ವೇಷ, ಕುಣಿತಗಳಿಲ್ಲದೆ ಕುಳಿತು ಹಾಡು ಮತ್ತು ಮಾತಿನಲ್ಲೇ ನಡೆಸುವ ಯಕ್ಷಗಾನ ಕೂಟದ) ಧ್ವನಿಮುದ್ರಣವೊಂದನ್ನು ಕೃತಿಸ್ವಾಮ್ಯದ (ಕಾಪಿರೈಟಿನ) ದೂರಿನ ಮೇರೆಗೆ ತೆಗೆದುಹಾಕಲಾಗಿದೆ ಎಂಬ ಇಮೇಲ್ ಬಂದದ್ದು ಮಳೆಗಾಲದ ಆರಂಭದಲ್ಲಿ. ಅದನ್ನು ಮರಳಿ ಪಡೆಯಲು ಏನೇನು ಮಾಡಬೇಕಾಯಿತು, ಆ ದಾರಿಯಲ್ಲಿ ನಮ್ಮ ಹೆಸರು, ವಿಳಾಸ, ಫೋನ್ ನಂಬರುಗಳು ಯಾರ ಕೈ ಸೇರುತ್ತವೆ, ಕಾಸರಗೋಡು ಜಿಲ್ಲೆಯ ಬದಿಯಡ್ಕದ ಪಕ್ಕದ ಹಳ್ಳಿಯ ಸಂಘವೊಂದು ಅಮೆರಿಕದ ನ್ಯಾಯಾಲಯದ ವ್ಯಾಪ್ತಿಗೆ ಯಾಕೆ ಒಪ್ಪಿಗೆ ಕೊಡಬೇಕಾಗುತ್ತದೆ ಎಂಬ ವಿವರಗಳು ಕನ್ನಡದಲ್ಲಿ ಒಂದೆಡೆ ನನಗೆ ಸಿಗಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಕಾಸರಗೋಡಿನ ಮನೆಮನೆಗಳ ಅಟ್ಟದಲ್ಲಿ ಇಂಥ ಕ್ಯಾಸೆಟ್ಟುಗಳು ಇನ್ನೂ ಉಳಿದಿವೆ, ಅವುಗಳನ್ನು ಕಂಪ್ಯೂಟರಿಗೆ ಇಳಿಸಿ ನಾಲ್ಕು ಜನರಿಗೆ ತಲುಪಿಸಬೇಕೆನ್ನುವವರೂ ಇದ್ದಾರೆ. ನಾವು ಹಾದುಬಂದ ಕ್ರಮ ಅವರಿಗೆ ಉಪಯೋಗಕ್ಕೆ ಬರಬೇಕು.

ಧ್ವನಿಮುದ್ರಣ 1986ರದ್ದು. ಊರಿನ ದೇವಸ್ಥಾನದ ಚಾವಡಿಯಲ್ಲಿ ನಡೆದ ‘ಅಂಗದ ಸಂಧಾನ’ ಪ್ರಸಂಗದ ಕೂಟವನ್ನು ನನ್ನ ತಂದೆಯವರು ತಮ್ಮದೇ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದರು. ಕ್ಯಾಸೆಟ್ಟಿನ ಒಳಗಿನ ಕಾಗದದಲ್ಲಿ ಅವರ ಕೈಬರಹದಲ್ಲಿ ಭಾಗವತರ (ಹಾಡುವವರ), ಮದ್ದಳೆಗಾರರ, ಅರ್ಥಧಾರಿಗಳ (ಪಾತ್ರವಾಗಿ ಮಾತಾಡುವವರ) ಹೆಸರುಗಳು, ತಾರೀಕು, ಸ್ಥಳ, ಒಂದು ಮೂಲೆಯಲ್ಲಿ ‘ಎರಡನೇ ಬದಿ ಪೂರ್ತಿ ಇಲ್ಲ’ ಎಂಬ ಟಿಪ್ಪಣಿ, ಇಷ್ಟೂ ಇವೆ. ನಮ್ಮಲ್ಲಿಯ ಮಳೆಗೆ ಟೇಪಿನ ಅಂಚಿನಲ್ಲಿ ಬಿಳಿಯ ಬೂಷ್ಟು ಹಿಡಿದಿತ್ತು. ಡಬ್ಬಿಯ ತಿರುಪುಗಳನ್ನು ಬಿಚ್ಚಿ, ಟೇಪನ್ನು ನಿಧಾನವಾಗಿ ಸುತ್ತುತ್ತ ಹತ್ತಿಯಿಂದ ಒರೆಸಿ, ಮತ್ತೊಂದು ಡಬ್ಬಿಗೆ ಸೇರಿಸಿದ ಮೇಲೆ ಅದು ಕೇಳುವಂತಾಯಿತು. ಕೂಟದ ನಡುವೆ ಹಂಚಿನ ಮಾಡಿನ ಮೇಲೆ ಮಳೆ ಸುರಿಯುವುದು, ಸಂಘದ ಅಂದಿನ ಅಧ್ಯಕ್ಷರು ತಾರೀಕು ಹೇಳಿ ಎಲ್ಲರನ್ನೂ ಸ್ವಾಗತಿಸುವುದು, ಯಾರದ್ದೋ ಜೀಪನ್ನು ದಾರಿಯಿಂದ ತೆಗೆಯಬೇಕೆಂದು ಮೈಕಿನಲ್ಲಿ ವಿನಂತಿಸುವುದು ಎಲ್ಲವೂ ಅದರಲ್ಲಿವೆ. ಮುಂದೆ ನಮ್ಮನ್ನು ಕಾಪಾಡಿದ್ದು ಈ ಜೀಪು ಮತ್ತು ಈ ಮಳೆ.

ಹಂಚುವ ಮೊದಲೇ ಒಂದು ಭಾಗವನ್ನು ನಾನು ಕತ್ತರಿಸಿ ತೆಗೆದಿದ್ದೆ. ಚಹಾದ ವಿರಾಮದಲ್ಲಿ ಯಂತ್ರವನ್ನು ನಿಲ್ಲಿಸದೆ ಬಿಟ್ಟಿದ್ದರಿಂದ, ಪಕ್ಕದಲ್ಲಿ ಕುಳಿತಿದ್ದ ಇಬ್ಬರು ಊರಿನ ಒಂದು ಮನೆಯ ಕಾಯಿಲೆಯ ಮತ್ತು ಸಾಲದ ವಿಷಯ ಮಾತಾಡಿಕೊಂಡದ್ದು ಸ್ಪಷ್ಟವಾಗಿ ಮುದ್ರಣವಾಗಿತ್ತು. ಆ ಮನೆಯವರು ಈಗಲೂ ಅಲ್ಲಿಯೇ ಇದ್ದಾರೆ. ಹಳೆಯ ಧ್ವನಿಮುದ್ರಣಗಳನ್ನು ಹಂಚುವವರು ಆರಂಭದಿಂದ ಕೊನೆಯವರೆಗೆ ಒಮ್ಮೆ ತಾವೇ ಕೇಳಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ. ಗುಣಮಟ್ಟ ನೋಡುವುದಕ್ಕಿಂತ ಇದು ಮುಖ್ಯ.

ನಾವು ಅದನ್ನು ಎರಡು ಕಡೆ ಇಟ್ಟಿದ್ದೆವು. ಒಂದು, ಅಮೆರಿಕದ ಸಂಸ್ಥೆಯೊಂದು ನಡೆಸುವ ವಿಡಿಯೊ ತಾಣದಲ್ಲಿ, ಕ್ಯಾಸೆಟ್ಟಿನ ಚಿತ್ರದೊಂದಿಗೆ. ಇನ್ನೊಂದು, ಕಡತಗಳನ್ನು ಇಳಿಸಿಕೊಳ್ಳಲು ಅನುವಾಗುವ ಸಂಗ್ರಹ ಸೇವೆಯೊಂದರಲ್ಲಿ. ಕೊಲ್ಲಿಯಲ್ಲಿ, ಮುಂಬೈಯಲ್ಲಿ ಇರುವ ನಮ್ಮ ಕಡೆಯವರು ಅಲ್ಲಿಂದ ಫೋನಿಗೆ ಇಳಿಸಿಕೊಂಡು ಕೇಳುತ್ತಿದ್ದರು. ದೂರು ಎರಡೂ ಕಡೆ ಹೋಗಿತ್ತು. ದೂರು ಕೊಟ್ಟದ್ದು ಕೇರಳದ ಹೊರಗಿನ ಒಂದು ಧ್ವನಿಸುರುಳಿ ಸಂಸ್ಥೆ. ಅದೇ ಭಾಗವತರ ಅದೇ ಪ್ರಸಂಗದ ಹಾಡುಗಳನ್ನು ಅದು ಒಂದು ಕಾಲದಲ್ಲಿ ಸ್ಟುಡಿಯೊದಲ್ಲಿ ಮುದ್ರಿಸಿ ಮಾರಿತ್ತು. ಪದಗಳೂ ಅವೇ, ಸ್ವರವೂ ಅದೇ ಆಗಿರುವಾಗ ಮುದ್ರಣವೂ ತಮ್ಮದೇ ಎಂದು ಅವರು ಭಾವಿಸಿರಬೇಕು. ಪೂರ್ತಿ ಕೇಳಿದ್ದರೆ ಹಾಗೆ ಭಾವಿಸಲು ಕಾರಣವಿರಲಿಲ್ಲ.

ವಿಡಿಯೊ ತಾಣದ ನಿಯಮದಂತೆ ಇಂಥ ಒಂದು ದೂರು ಅಂದರೆ ಖಾತೆಗೆ ಒಂದು ಎಚ್ಚರಿಕೆ. 90 ದಿನಗಳೊಳಗೆ ಮೂರು ಎಚ್ಚರಿಕೆಗಳಾದರೆ ಖಾತೆಯೇ ಮುಚ್ಚಿಹೋಗುತ್ತದೆ. ನಮ್ಮ ಸಂಘ ವರ್ಷಗಳಿಂದ ಕೂಡಿಸಿದ ಕೂಟಗಳೆಲ್ಲ ಅದೇ ಖಾತೆಯಲ್ಲಿದ್ದವು. ಸುಮ್ಮನಿದ್ದು ಬಿಡೋಣವೆಂದು ಸಮಿತಿಯ ಕೆಲವರು ಹೇಳಿದರೂ, ನಮ್ಮದಲ್ಲದ ತಪ್ಪನ್ನು ಒಪ್ಪಿಕೊಂಡಂತಾಗುತ್ತದೆ ಎಂಬ ಅಭಿಪ್ರಾಯವೇ ಗಟ್ಟಿಯಾಯಿತು. ಹಾಗಾದರೆ ಮೊದಲು ತಿಳಿಯಬೇಕಾದದ್ದು, ಈ ಧ್ವನಿಮುದ್ರಣ ನಿಜವಾಗಿ ಯಾರದ್ದು ಎಂಬುದು.

ಕಾಸರಗೋಡಿನ ವಿದ್ಯಾನಗರದಲ್ಲಿ ಕಚೇರಿಯಿರುವ, ನನ್ನ ಹಳೆಯ ವಿದ್ಯಾರ್ಥಿಯೂ ಆದ ವಕೀಲರೊಬ್ಬರು ಇದರಲ್ಲಿ ನೆರವಾದರು. 1957ರ ಭಾರತೀಯ ಕೃತಿಸ್ವಾಮ್ಯ ಕಾಯಿದೆಯನ್ನು ಎದುರಿಗಿಟ್ಟುಕೊಂಡು ಅವರು ವಿಷಯವನ್ನು ಪದರಪದರವಾಗಿ ಬಿಡಿಸಿದರು. ಪ್ರಸಂಗದ ಪದ್ಯಗಳು ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ತಲೆಮಾರುಗಳಿಂದ ಹಾಡಿಕೊಂಡು ಬಂದವು. ಅವುಗಳ ಮೇಲೆ ಇಂದು ಯಾರಿಗೂ ಹಕ್ಕಿಲ್ಲ. ಧ್ವನಿಮುದ್ರಣದ ಹಕ್ಕು ಬೇರೆ. ಅದು ಪದ್ಯ ಬರೆದವನದ್ದೂ ಅಲ್ಲ, ಹಾಡಿದವನದ್ದೂ ಅಲ್ಲ. ಮುದ್ರಿಸುವ ಉಪಕ್ರಮವನ್ನೂ ಹೊಣೆಯನ್ನೂ ಹೊತ್ತ ನಿರ್ಮಾಪಕನದ್ದು. ಪ್ರಕಟವಾದ ವರ್ಷ ಕಳೆದ ಮೇಲೆ 60 ವರ್ಷ ಅದು ಬಾಳುತ್ತದೆ. ಆದ್ದರಿಂದ ಸ್ಟುಡಿಯೊದ ಮುದ್ರಣ ಆ ಸಂಸ್ಥೆಯದ್ದು, ಚಾವಡಿಯ ಮುದ್ರಣ ತಂದೆಯವರದ್ದು. ಒಂದೇ ಪದ್ಯವನ್ನು ಒಬ್ಬರೇ ಭಾಗವತರು ಎರಡು ಕಡೆ ಹಾಡಿದರೆ ಅವು ಎರಡು ಮುದ್ರಣಗಳು, ಒಂದರ ಒಡೆಯನಿಗೆ ಇನ್ನೊಂದರ ಮೇಲೆ ಅಧಿಕಾರವಿಲ್ಲ.

ಅಷ್ಟಕ್ಕೇ ನಿಂತಿದ್ದರೆ ಸುಲಭವಿತ್ತು. ವಕೀಲರು ಪುಸ್ತಕ ಮಡಚಲಿಲ್ಲ. “ಮಾಸ್ಟ್ರೆ, ಕಂಪೆನಿಯವರದ್ದು ಅಲ್ಲ ಅಂತ ಆಯಿತು. ಆದರೆ ಎಲ್ಲವೂ ನಿಮ್ಮದೇ ಅಂತ ಹೇಳ್ಲಿಕ್ಕೆ ಆಗುವುದಿಲ್ಲ. ಅರ್ಥ ಹೇಳಿದವರ ಮಾತು ಯಾರದ್ದು?” ಎಂದು ಕೇಳಿದರು. ತಾಳಮದ್ದಳೆಯ ಅರ್ಥಗಾರಿಕೆ ಬರೆದು ತಂದ ಮಾತಲ್ಲ. ಎದುರಿನವರ ಮಾತಿಗೆ ತಕ್ಕಂತೆ ಆ ಕ್ಷಣದಲ್ಲಿ ಹುಟ್ಟುವುದು. ಕಾಯಿದೆಯ 17ನೆಯ ಕಲಮು ಸಾರ್ವಜನಿಕವಾಗಿ ಮಾಡಿದ ಭಾಷಣದ ಮೊದಲ ಒಡೆತನವನ್ನು ಭಾಷಣ ಮಾಡಿದವನಿಗೇ ಕೊಡುತ್ತದೆ. ಅಂಗದನಾಗಿಯೋ ಪ್ರಹಸ್ತನಾಗಿಯೋ ಆಡಿದ ಮಾತು ಆ ಅರ್ಥದಲ್ಲಿ ಭಾಷಣವೇ ಎಂಬ ವಾದಕ್ಕೆ ಎಡೆಯಿದೆ. ಹಾಗಾದರೆ ಆ ಮಾತಿನ ಮೇಲೆ ಅರ್ಥಧಾರಿಯ ಕಾಲಾನಂತರವೂ 60 ವರ್ಷ ಅವರ ಮನೆಯವರಿಗೆ ಹಕ್ಕಿರುತ್ತದೆ. ಹಾಡಿದವರಿಗೆ, ನುಡಿಸಿದವರಿಗೆ ಪ್ರದರ್ಶಕರ ಹಕ್ಕು ಎಂಬುದು ನಮ್ಮ ಕಾಯಿದೆಯೊಳಗೆ ಬಂದದ್ದು 1995ರ ಮೇ 10ರಂದು ಜಾರಿಗೆ ಬಂದ ತಿದ್ದುಪಡಿಯಿಂದ. 1986ರ ಕೂಟದ ಕಾಲಕ್ಕೆ ಅದು ಇರಲಿಲ್ಲ. ಕಾನೂನಿನಲ್ಲಿ ಇಲ್ಲದಿದ್ದರೂ ಅವರನ್ನು ಕೇಳದೆ ಬಿಡುವುದು ಸರಿಯಲ್ಲವೆಂದು ನನಗೂ ಸಮಿತಿಗೂ ಅನಿಸಿತು.

ಯಕ್ಷಗಾನ ಎಲ್ಲರ ಸೊತ್ತು, ಅದಕ್ಕೆ ಕಾಪಿರೈಟ್ ಎಲ್ಲಿಯದು ಎಂದು ನಮ್ಮಲ್ಲಿ ಬಹಳ ಮಂದಿ ಹೇಳುತ್ತಾರೆ. ಸಂಪ್ರದಾಯದ ಮಟ್ಟಿಗೆ ಅದು ನಿಜ. ಆದರೆ ಶಿವರಾಮ ಕಾರಂತರು ರೂಪಿಸಿದ ಯಕ್ಷಗಾನ ಬ್ಯಾಲೆಗಳ ಹಕ್ಕಿನ ಬಗ್ಗೆ ಅವರ ಮರಣಾನಂತರ ನಡೆದ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2009ರ ಜನವರಿಯಲ್ಲಿ ತೀರ್ಮಾನವಾದಾಗ, ಪರಂಪರೆಯ ಕಲೆಯೊಳಗೂ ಒಬ್ಬ ವ್ಯಕ್ತಿಯ ಹೊಸ ಸೃಷ್ಟಿಗೆ ಹಕ್ಕಿರುತ್ತದೆ ಮತ್ತು ಅದು ಉಯಿಲಿನ ಮೂಲಕ ಇನ್ನೊಬ್ಬರಿಗೆ ದಾಟುತ್ತದೆ ಎಂಬುದು ಸ್ಥಿರವಾಯಿತು. ನಮ್ಮ ಸಮಿತಿಯ ಸಭೆಯಲ್ಲಿ ಈ ಪ್ರಕರಣವನ್ನು ವಿವರಿಸಿದ ಮೇಲೆಯೇ ಕಲಾವಿದರ ಮನೆಗಳಿಗೆ ಹೋಗಿ ಲಿಖಿತ ಒಪ್ಪಿಗೆ ತರುವ ನಿರ್ಧಾರವಾದದ್ದು.

ಭಾಗವತರ ಮಡದಿ ಪೆರ್ಲದ ಆಚೆ ಮಗನ ಮನೆಯಲ್ಲಿದ್ದಾರೆ. ಫೋನಿನಲ್ಲಿ ಮುದ್ರಣವನ್ನು ಹಾಕಿ ಅವರ ಪಕ್ಕದಲ್ಲಿಟ್ಟೆವು. ಸ್ವಲ್ಪ ಹೊತ್ತು ಕೇಳಿ, “ಅವರದ್ದೇ ಸ್ವರ, ಮಳೆಗೆ ಗಂಟಲು ಕಟ್ಟಿದ ವರ್ಷ. ಕ್ಯಾಸೆಟಿನವರು ಒಂದು ಸರ್ತಿ ಪೈಸೆ ಕೊಟ್ಟಿದ್ದರು, ಕಾಗದಕ್ಕೆ ಸೈನು ಹಾಕಿದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ನೀವು ನಾಲ್ಕು ಜನಕ್ಕೆ ಕೇಳಿಸುವುದಾದರೆ ಕೇಳಿಸಿ” ಎಂದರು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ಮಗ ಒಂದೇ ಶರತ್ತು ಹೇಳಿದ್ದು, ಈ ಪತ್ರದಲ್ಲಿರುವ ತಾಯಿಯ ಹೆಸರು ಮತ್ತು ಫೋನ್ ನಂಬರು ಆ ಕಂಪೆನಿಗೆ ಹೋಗಬಾರದು ಎಂದು. ನ್ಯಾಯವಾದ ಮಾತು. ಪತ್ರಗಳನ್ನು ನಮ್ಮಲ್ಲಿಯೇ ಇಟ್ಟುಕೊಂಡು, ಒಪ್ಪಿಗೆಯಿದೆ ಎಂಬ ಒಂದು ವಾಕ್ಯವನ್ನು ಮಾತ್ರ ಉತ್ತರದಲ್ಲಿ ಸೇರಿಸುವುದೆಂದು ಅಲ್ಲಿಯೇ ಮಾತು ಕೊಟ್ಟೆವು.

ಇನ್ನು ಪ್ರತಿ-ನೋಟಿಸು. ವಿಡಿಯೊ ತಾಣ ನಡೆಯುವುದು ಅಮೆರಿಕದ 1998ರ ಡಿಜಿಟಲ್ ಮಿಲೇನಿಯಮ್ ಕಾಪಿರೈಟ್ ಆ್ಯಕ್ಟಿನಂತೆ. ಅದರ ಮೂಲಕ ಸೇರಿದ 512ನೆಯ ಕಲಮಿನ ಪ್ರಕಾರ, ದೂರು ಬಂದ ಕೂಡಲೇ ತಾಣವು ಕಡತವನ್ನು ತೆಗೆದರೆ ಅದಕ್ಕೆ ಹೊಣೆಯಿಂದ ರಕ್ಷಣೆ ಸಿಗುತ್ತದೆ. ದೂರು ನಿಜವೇ ಎಂದು ತಾಣ ವಿಚಾರಿಸಬೇಕಾಗಿಲ್ಲ. ದೂರು ತಪ್ಪೆಂದು ಹೇಳಬೇಕಾದವರು ಹಂಚಿದವರು. ಹೇಳುವ ಕ್ರಮವೇ ಪ್ರತಿ-ನೋಟಿಸು. ಅದರಲ್ಲಿ ನಮ್ಮ ಹೆಸರು, ವಾಸದ ವಿಳಾಸ, ಫೋನ್ ನಂಬರು, ಸಹಿ ಇರಬೇಕು. ಗುರುತಿಸುವಲ್ಲಿ ಆದ ತಪ್ಪಿನಿಂದ ಕಡತವನ್ನು ತೆಗೆಯಲಾಗಿದೆ ಎಂದು ಪ್ರಾಮಾಣಿಕವಾಗಿ ನಂಬುತ್ತೇವೆಂಬ ಹೇಳಿಕೆಯನ್ನು, ಸುಳ್ಳಾದರೆ ಸುಳ್ಳು ಪ್ರಮಾಣದ ಶಿಕ್ಷೆಗೆ ಒಳಪಟ್ಟು, ಕೊಡಬೇಕು. ಅಮೆರಿಕದ ಹೊರಗಿರುವವರಾದರೆ, ಆ ಸೇವಾ ಸಂಸ್ಥೆ ಸಿಗುವ ಯಾವುದೇ ಜಿಲ್ಲೆಯ ಫೆಡರಲ್ ನ್ಯಾಯಾಲಯದ ವ್ಯಾಪ್ತಿಗೆ ಒಪ್ಪುತ್ತೇವೆಂದೂ, ದೂರುದಾರರ ಸಮನ್ಸನ್ನು ಸ್ವೀಕರಿಸುತ್ತೇವೆಂದೂ ಬರೆದುಕೊಡಬೇಕು. ಈ ಪ್ರತಿ-ನೋಟಿಸಿನ ಪ್ರತಿ, ನಮ್ಮ ಎಲ್ಲ ವಿವರಗಳ ಸಹಿತ, ದೂರುದಾರರಿಗೆ ಹೋಗುತ್ತದೆ.

ದೂರುದಾರರೂ ತಮ್ಮ ಸಂಪರ್ಕ ವಿವರ ಕೊಡಬೇಕೆಂಬುದು ನಿಜ. ಆದರೆ ಎರಡು ಕಡೆಯ ಹೊರೆ ಸಮವಲ್ಲ. ಸುಳ್ಳು ಪ್ರಮಾಣದ ಶಿಕ್ಷೆಯ ಭಯ ದೂರುದಾರರಿಗೆ ಇರುವುದು ತಾವು ಹಕ್ಕುದಾರರ ಪರವಾಗಿ ಮಾತಾಡಲು ಅಧಿಕಾರ ಉಳ್ಳವರು ಎಂಬ ಒಂದು ಹೇಳಿಕೆಗೆ ಮಾತ್ರ; ಕಡತ ತಮ್ಮ ಹಕ್ಕನ್ನು ಮುರಿದಿದೆ ಎಂಬ ಮುಖ್ಯ ಆರೋಪಕ್ಕೆ ಪ್ರಾಮಾಣಿಕ ನಂಬಿಕೆ ಸಾಕು. ತಿಳಿದೂ ಸುಳ್ಳು ಹೇಳಿದರೆ ನಷ್ಟ ತುಂಬಿಕೊಡಬೇಕೆಂಬ ಉಪಕಲಮು ಇದೆಯಾದರೂ, ಅದಕ್ಕೆ ಅಮೆರಿಕದಲ್ಲಿ ದಾವೆ ಹೂಡಬೇಕು. ಒಂದು ಸಂಸ್ಥೆಗೆ ಕಚೇರಿಯ ವಿಳಾಸ ಕೊಡುವುದರಿಂದ ಏನೂ ಹೋಗುವುದಿಲ್ಲ. ಮನೆಯಲ್ಲಿ ಕುಳಿತು ಕ್ಯಾಸೆಟ್ಟು ಇಳಿಸುವ ಒಬ್ಬ ಗೃಹಿಣಿಗೋ ಕಾಲೇಜು ಹುಡುಗಿಗೋ ತನ್ನ ಮನೆಯ ವಿಳಾಸವನ್ನು ಅಪರಿಚಿತರಿಗೆ ಕೊಡುವುದು ಹಾಗಲ್ಲ. ತಾನು ಸರಿಯೆಂದು ಗೊತ್ತಿದ್ದರೂ, ಈ ಒಂದು ಕಾರಣಕ್ಕೆ ಸುಮ್ಮನಾಗುವವರು ಇರುತ್ತಾರೆ. ಈ ಏರ್ಪಾಟಿನಲ್ಲಿ ನನಗೆ ಅತ್ಯಂತ ಅನ್ಯಾಯವೆಂದು ಕಾಣುವುದು ಇದೇ.

ಇಲ್ಲಿ ನಮ್ಮ ದೇಶದ ಕಾನೂನು ರಕ್ಷಣೆಗೆ ಬರುತ್ತದೆಯೇ ಎಂದೂ ಕೇಳಿ ನೋಡಿದೆ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಪುಟ್ಟಸ್ವಾಮಿ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಸಾರಿತು. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ, ಕೇಂದ್ರ ಸರಕಾರ ಅಧಿಸೂಚನೆಯಿಂದ ನಿರ್ಬಂಧಿಸಿದ ದೇಶಗಳನ್ನು ಬಿಟ್ಟು ಉಳಿದೆಡೆಗೆ ಮಾಹಿತಿ ಕಳುಹಿಸುವುದನ್ನು ತಡೆಯುವುದಿಲ್ಲ. ಕಾನೂನಿನ ಹಕ್ಕನ್ನು ಚಲಾಯಿಸಲು ಬೇಕಾದ ಮಾಹಿತಿಗೆ ಅದರ 17ನೆಯ ಕಲಮಿನಲ್ಲಿ ವಿನಾಯಿತಿಯೂ ಇದೆ. ಕೃತಿಸ್ವಾಮ್ಯದ ದೂರು ಎಂದ ಕೂಡಲೇ ಖಾಸಗಿತನದ ಕಾನೂನು ಪಕ್ಕಕ್ಕೆ ಸರಿದು ನಿಲ್ಲುತ್ತದೆ.

ಅಮೆರಿಕದ ಕೋರ್ಟು ಎಂಬ ಮಾತು ಕೇಳಿ ಸಮಿತಿಯ ಹಿರಿಯರೊಬ್ಬರು, “ನಮ್ಮ ಅಡಕೆ ತೋಟ ಜಪ್ತಿ ಮಾಡ್ಲಿಕ್ಕೆ ಅಲ್ಲಿಂದ ಬರುತ್ತಾರಾ?” ಎಂದು ಆತಂಕದಿಂದಲೇ ಕೇಳಿದರು. ವಕೀಲರು ಸಭೆಗೆ ಬಂದು ತಾಳ್ಮೆಯಿಂದ ವಿವರಿಸಿದರು. ವಿದೇಶದ ತೀರ್ಪನ್ನು ಇಲ್ಲಿ ನೇರವಾಗಿ ಜಾರಿ ಮಾಡಬಹುದಾದದ್ದು, ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನಡಿ ಪರಸ್ಪರ ಒಪ್ಪಿದ ದೇಶಗಳೆಂದು ಘೋಷಿತವಾದವುಗಳ ತೀರ್ಪನ್ನು ಮಾತ್ರ. ಅಮೆರಿಕ ಆ ಪಟ್ಟಿಯಲ್ಲಿಲ್ಲ. ಅಲ್ಲಿಯ ತೀರ್ಪು ಹಿಡಿದುಕೊಂಡು ಬಂದವರು ಇಲ್ಲಿಯ ನ್ಯಾಯಾಲಯದಲ್ಲಿ ಹೊಸದಾಗಿ ದಾವೆ ಹೂಡಬೇಕಾಗುತ್ತದೆ. ಆದರೆ ಸಂಯುಕ್ತ ಅರಬ್ ಎಮಿರೇಟ್ಸ್ 2020ರ ಜನವರಿಯಿಂದ ಆ ಪಟ್ಟಿಯಲ್ಲಿದೆ ಎಂದೂ ಅವರು ಹೇಳಿದರು. ಮನೆಗೊಬ್ಬರಂತೆ ದುಬೈಯಲ್ಲೋ ಅಬುಧಾಬಿಯಲ್ಲೋ ದುಡಿಯುವ ನಮ್ಮ ಊರಿಗೆ ಇದು ನೆನಪಿಡಬೇಕಾದ ಸಂಗತಿ. ದೂರುದಾರರು ಭಾರತದ ಸಂಸ್ಥೆಯೇ ಆಗಿರುವುದರಿಂದ ಮೊಕದ್ದಮೆ ಹೂಡುವುದಿದ್ದರೂ ಇಲ್ಲಿಯೇ ಹೂಡುವುದು ಹೆಚ್ಚು ಸಂಭವ. ಕೃತಿಸ್ವಾಮ್ಯದ ದಾವೆಯನ್ನು ತಾನಿರುವ ಊರಿನ ಜಿಲ್ಲಾ ನ್ಯಾಯಾಲಯದಲ್ಲಿ ಹೂಡಲು ಕೃತಿಸ್ವಾಮ್ಯ ಕಾಯಿದೆಯ 62ನೆಯ ಕಲಮು ಅವಕಾಶ ಕೊಡುವುದರಿಂದ, ಗಡಿ ದಾಟಿ ಓಡಾಡಬೇಕಾದವರು ಮಾತ್ರ ನಾವಾಗಬಹುದು. ಆಧಾರವಿಲ್ಲದ ಬೆದರಿಕೆಯ ವಿರುದ್ಧ ನಾವೇ ದಾವೆ ಹೂಡಲು ಅದೇ ಕಾಯಿದೆಯ 60ನೆಯ ಕಲಮಿನಲ್ಲಿ ಎಡೆಯಿದೆಯಾದರೂ ಸಂಘದ ಹಣದ ಸ್ಥಿತಿ ಅದಕ್ಕೆ ಸಾಲದು.

ಈ ನಡುವೆ ಬೇರೆ ದಾರಿಗಳನ್ನು ಸೂಚಿಸಿದವರೂ ಇದ್ದರು. ವಿಪಿಎನ್ (ನಾವಿರುವ ಜಾಗದ ಗುರುತನ್ನು ಮರೆಸುವ ಅಂತರ್ಜಾಲ ಸೇವೆ) ಹಾಕಿಕೊಂಡು ಬೇರೆ ಹೆಸರಿನ ಖಾತೆಯಿಂದ ಮತ್ತೆ ಏರಿಸಿಬಿಡೋಣ, ಯಾರಿಗೆ ಗೊತ್ತಾಗುತ್ತದೆ ಎಂದು ಸಂಘದ ಯುವಕರೊಬ್ಬರು ಹೇಳಿದರು. ನಾನು ಅದನ್ನು ಒಪ್ಪಲಿಲ್ಲ. ಸರಿಯಾದ ಹಕ್ಕಿರುವವರು ಅಡಗಿಕೊಂಡು ಹಂಚಿದರೆ ಹಕ್ಕಿಲ್ಲದವರಂತೆ ಕಾಣುತ್ತಾರೆ. ಅಡಗಿಕೊಳ್ಳುವುದೂ ಅಷ್ಟು ಸುಲಭವಲ್ಲ. ವಿಪಿಎನ್ ಸೇವೆ ಕೊಡುವವರು ಗ್ರಾಹಕರ ವಿವರಗಳನ್ನು ಐದು ವರ್ಷ ಇಟ್ಟಿರಬೇಕೆಂದು ಕೇಂದ್ರ ಸರಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲಿನಲ್ಲಿ ನಿರ್ದೇಶನ ಹೊರಡಿಸಿದೆ. ಕೆಲವು ವಿದೇಶಿ ಸಂಸ್ಥೆಗಳು ಆಗಲೇ ಭಾರತದಲ್ಲಿದ್ದ ಸರ್ವರುಗಳನ್ನು ತೆಗೆದವು. ಅದೇ ವರ್ಷದ ಆಗಸ್ಟ್ 30ರಂದು ದೆಹಲಿ ಹೈಕೋರ್ಟು, ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಪಾಠ ಹೇಳುವ ಶಿಕ್ಷಕಿಯೊಬ್ಬರ ವಿಡಿಯೊಗಳನ್ನೂ ಪುಸ್ತಕಗಳನ್ನೂ ಟೆಲಿಗ್ರಾಂ ಚಾನೆಲ್ಲುಗಳಲ್ಲಿ ಹಂಚಿದವರ ಫೋನ್ ನಂಬರು, ಐಪಿ ವಿಳಾಸ (ಅಂತರ್ಜಾಲ ಸಂಪರ್ಕದ ಗುರುತಿನ ಸಂಖ್ಯೆ), ಇಮೇಲ್‌ಗಳನ್ನು ಮುಚ್ಚಿದ ಲಕೋಟೆಯಲ್ಲಿ ಒಪ್ಪಿಸಬೇಕೆಂದು ಆದೇಶಿಸಿತು. ಸರ್ವರುಗಳು ಸಿಂಗಾಪುರದಲ್ಲಿವೆ, ಅಲ್ಲಿಯ ಖಾಸಗಿತನದ ಕಾನೂನು ವಿವರ ಕೊಡಲು ಬಿಡುವುದಿಲ್ಲ ಎಂಬ ಟೆಲಿಗ್ರಾಮಿನ ವಾದ ನಿಲ್ಲಲಿಲ್ಲ. ಆ ಶಿಕ್ಷಕಿಯ ಕಡೆ ನ್ಯಾಯವಿತ್ತು ಎಂದೇ ನನ್ನ ಎಣಿಕೆ. ಆದರೆ ನ್ಯಾಯಾಲಯವೊಂದು ಎರಡೂ ಕಡೆ ಕೇಳಿ ಗುರುತನ್ನು ತೆರೆಯಿಸುವುದಕ್ಕೂ, ಒಂದು ನಮೂನೆ ತುಂಬುವ ಶರತ್ತಾಗಿ ಗುರುತನ್ನು ಎದುರಿನವರಿಗೆ ಒಪ್ಪಿಸುವುದಕ್ಕೂ ಇರುವ ವ್ಯತ್ಯಾಸವನ್ನು ಮರೆಯಬಾರದು.

ಜರ್ಮನಿಯಲ್ಲಿ ಓದುತ್ತಿರುವ ನನ್ನ ತಂಗಿಯ ಮಗ ಟೊರೆಂಟ್ ಮಾಡಿ ಹಂಚೋಣವೆಂದಿದ್ದ. “ಮಾವ, ಅದನ್ನು ಯಾರೂ ತೆಗೆಯಲಿಕ್ಕೆ ಸಾಧ್ಯವಿಲ್ಲ” ಎಂಬುದು ಅವನ ಸಮಾಧಾನ. ತೆಗೆಯಲು ಕಷ್ಟವೆಂಬುದು ಸರಿಯೇ. ಕಡತ ಒಂದೇ ಕಡೆ ಇರುವುದಿಲ್ಲ, ಇಳಿಸಿಕೊಳ್ಳುವ ಪ್ರತಿಯೊಬ್ಬರೂ ತಮ್ಮಲ್ಲಿ ಬಂದ ತುಂಡುಗಳನ್ನು ಉಳಿದವರಿಗೆ ಕೊಡುತ್ತಾರೆ. ಅದೇ ಕಾರಣಕ್ಕೆ ಪ್ರತಿಯೊಬ್ಬರ ಐಪಿ ವಿಳಾಸವೂ ಆ ಗುಂಪಿನ ಎಲ್ಲರಿಗೂ ಕಾಣುತ್ತದೆ, ದೂರುದಾರರ ಪರವಾಗಿ ಒಳಹೊಕ್ಕು ಪಟ್ಟಿ ಮಾಡುವವರಿಗೂ ಕಾಣುತ್ತದೆ. ಜರ್ಮನಿಯಲ್ಲಿ ಆ ಪಟ್ಟಿ ಹಿಡಿದು ನ್ಯಾಯಾಲಯದ ಅನುಮತಿಯೊಂದಿಗೆ ಇಂಟರ್ನೆಟ್ ಸಂಸ್ಥೆಯಿಂದ ಮನೆಯ ಹೆಸರು ಪಡೆದು, ವಕೀಲರ ಮೂಲಕ ಹಣ ಕೇಳುವ ನೋಟಿಸು ಕಳುಹಿಸುವುದು ಚಾಲ್ತಿಯಲ್ಲಿರುವ ಪದ್ಧತಿ. ನಮ್ಮ ಕೂಟ ಕೇಳುವವರಲ್ಲಿ ಹೆಚ್ಚಿನವರು ವಯಸ್ಸಾದವರು. ಇಳಿಸಿಕೊಳ್ಳುವುದೆಂದರೆ ಹಂಚುವುದೂ ಹೌದು ಎಂದು ಅವರಿಗೆ ತಿಳಿದಿರುವುದಿಲ್ಲ. ಅವರ ವಿಳಾಸಗಳನ್ನು ಬಯಲಿಗಿಡುವ ಮಾರ್ಗ ಬೇಡವೆಂದು ಅವನಿಗೆ ಹೇಳಿದೆ, ಅವನೂ ಒಪ್ಪಿದ.

ದೇಶ ಬದಲಾದರೆ ಹಕ್ಕಿನ ಅವಧಿಯೂ ಬದಲಾಗುತ್ತದೆ ಎಂಬುದು ಇದೇ ಸಮಯದಲ್ಲಿ ನಮ್ಮ ಕಡತಗಳನ್ನೆಲ್ಲ ಪರಿಶೀಲಿಸುವಾಗ ಗಮನಕ್ಕೆ ಬಂತು. ಸಂಘದ ಹುಡುಗಿಯರು ಮಂಜೇಶ್ವರದ ಗೋವಿಂದ ಪೈಗಳ ಕವಿತೆಗಳನ್ನು ಓದಿ ಮುದ್ರಿಸಿದ್ದರು. ಪೈಗಳು ತೀರಿಕೊಂಡದ್ದು 1963ರಲ್ಲಿ. ಭಾರತದಲ್ಲಿ ಕವಿಯ ಮರಣಾನಂತರದ 60 ವರ್ಷ 2023ರ ಕೊನೆಗೆ ಮುಗಿಯಿತು. ಅಮೆರಿಕದಲ್ಲಿ ಇಂಥ ಹಳೆಯ ಪ್ರಕಟಣೆಗಳಿಗೆ ಲೆಕ್ಕ ಹಾಕುವುದು ಪ್ರಕಟವಾದ ವರ್ಷದಿಂದ, ಅದೂ 95 ವರ್ಷ. 1946ರಲ್ಲಿ ಅಚ್ಚಾದ ಕವಿತೆ ಮಂಜೇಶ್ವರದಲ್ಲಿ ಎಲ್ಲರದ್ದಾದರೂ ಅಮೆರಿಕದಲ್ಲಿ 2041ರ ಕೊನೆಯವರೆಗೆ ಆಗುವುದಿಲ್ಲ. ಅಲ್ಲಿಯ ತಾಣದಲ್ಲಿ ಇಡುವಾಗ ಎರಡೂ ಲೆಕ್ಕಗಳನ್ನು ನೋಡಬೇಕು. ನಾವು 1930ರ ಮತ್ತು ಅದಕ್ಕೂ ಹಿಂದಿನ ಪ್ರಕಟಣೆಗಳಿಂದ ಆರಿಸಿದ ಕವಿತೆಗಳನ್ನು ಮಾತ್ರ ಅಲ್ಲಿ ಇಡುವುದೆಂದು ತೀರ್ಮಾನಿಸಿದೆವು.

ಪ್ರತಿ-ನೋಟಿಸನ್ನು ನನ್ನ ಸ್ವಂತ ಹೆಸರಿನಲ್ಲಿ ಅಲ್ಲ, ಸಂಘದ ಹೆಸರಿನಲ್ಲಿ ಕೊಟ್ಟೆವು. ನಮ್ಮ ಸಂಘ 1860ರ ಸೊಸೈಟಿ ನೋಂದಣಿ ಕಾಯಿದೆಯಡಿ ನೋಂದಾಯಿತವಾದದ್ದು. ಗ್ರಂಥಾಲಯದ ಕಟ್ಟಡದಲ್ಲಿ ಅದಕ್ಕೆ ಕಾಯಂ ವಿಳಾಸವಿದೆ. ಖಾತೆ ಸಂಘದ್ದೆಂದೂ, ಉತ್ತರಕ್ಕೆ ಸಹಿ ಹಾಕುವ ಅಧಿಕಾರ ಕಾರ್ಯದರ್ಶಿಗೆ ಇದೆಯೆಂದೂ ಸಭೆಯಲ್ಲಿ ನಿರ್ಣಯ ಮಾಡಿ ಪುಸ್ತಕದಲ್ಲಿ ಬರೆದೆವು. ಸಂಘಕ್ಕೆಂದೇ ಒಂದು ಇಮೇಲ್, ಒಂದು ಫೋನ್ ನಂಬರು ಮಾಡಿದೆವು. ಕ್ಯಾಸೆಟ್ಟಿನ ಕಾಗದದ ಫೋಟೊವನ್ನು ಸಾಕ್ಷ್ಯವಾಗಿ ಕಳುಹಿಸುವ ಮೊದಲು ಅದರೊಳಗೆ ಫೋನು ತಾನಾಗಿ ಬರೆದಿಡುವ ಅಕ್ಷಾಂಶ ರೇಖಾಂಶಗಳನ್ನು ಅಳಿಸಿದೆ. ಇಲ್ಲವಾದರೆ ವಿಳಾಸ ಬರೆಯದಿದ್ದರೂ ಫೋಟೊ ತೆಗೆದ ಕೋಣೆಯವರೆಗಿನ ದಾರಿ ಅದರಲ್ಲಿರುತ್ತದೆ. ಸಂಘವಿಲ್ಲದ ಒಬ್ಬಂಟಿಗರು ವಕೀಲರ ಮೂಲಕ ಕೊಡುವ ಬಗ್ಗೆ ವಿಚಾರಿಸಬೇಕು. ಖರ್ಚಾದರೂ ಮನೆಯ ವಿಳಾಸದ ಬೆಲೆ ಅದಕ್ಕಿಂತ ಹೆಚ್ಚು.

ವಿವರಣೆಯನ್ನು ಇಂಗ್ಲಿಷಿನಲ್ಲಿ ಬರೆದೆವು, ಚಿಕ್ಕದಾಗಿ. ಪ್ರಸಂಗ ಸಾಹಿತ್ಯಕ್ಕೆ ಕೃತಿಸ್ವಾಮ್ಯ ಇಲ್ಲ; ಮುದ್ರಣ 1986ರಲ್ಲಿ ಸಾರ್ವಜನಿಕ ಕೂಟದಲ್ಲಿ ಮಾಡಿದ್ದು, ಸ್ಟುಡಿಯೊದ್ದಲ್ಲ; ಇಂಥ ನಿಮಿಷದಲ್ಲಿ ತಾರೀಕು ಸಹಿತ ಸ್ವಾಗತವಿದೆ, ಇಂಥ ನಿಮಿಷದಲ್ಲಿ ಮಳೆ ಮತ್ತು ಜೀಪಿನ ಪ್ರಕಟಣೆ ಇದೆ, ದೂರುದಾರರ ಮುದ್ರಣದಲ್ಲಿ ಇವು ಯಾವುವೂ ಇಲ್ಲ; ಮುದ್ರಿಸಿದವರ ವಾರಸುದಾರರ ಮತ್ತು ಕಲಾವಿದರ ಮನೆಯವರ ಲಿಖಿತ ಒಪ್ಪಿಗೆ ಸಂಘದಲ್ಲಿದೆ. ಭಾವನೆಯ ಮಾತು, ಕಲೆಯ ಹಿರಿಮೆ, ದೂರುದಾರರ ಮೇಲಿನ ಟೀಕೆ ಒಂದನ್ನೂ ಸೇರಿಸಲಿಲ್ಲ.

ಅಮೆರಿಕದ ನಿಯಮದಂತೆ, ಪ್ರತಿ-ನೋಟಿಸು ತಲುಪಿದ ಮೇಲೆ ದೂರುದಾರರು ಮೊಕದ್ದಮೆ ಹೂಡಿದ್ದೇವೆಂದು ತಿಳಿಸದಿದ್ದರೆ 10ರಿಂದ 14 ಕೆಲಸದ ದಿನಗಳೊಳಗೆ ಕಡತವನ್ನು ಮರಳಿ ಇಡಬೇಕು. ಅವರು ಏನೂ ತಿಳಿಸಲಿಲ್ಲ. ಕೂಟ ಮರಳಿ ಬಂತು, ಎಚ್ಚರಿಕೆಯೂ ರದ್ದಾಯಿತು. ದೂರುದಾರರಿಂದ ಕ್ಷಮೆಯೋ ವಿವರಣೆಯೋ ಬರಲಿಲ್ಲ. ನಮ್ಮ ವಿವರಗಳು ಅವರ ಬಳಿ ಇವೆ, ಅವನ್ನು ಅಳಿಸಬೇಕೆಂದು ನಾವು ಬರೆದ ಪತ್ರಕ್ಕೂ ಉತ್ತರವಿಲ್ಲ.

ಕಡತ ಸಂಗ್ರಹ ಸೇವೆಯಲ್ಲಿ ನಡೆದದ್ದು ಬೇರೆಯೇ ಕ್ರಮ. ಅಲ್ಲಿ ದೂರು ಹೋಗಿದ್ದು ಭಾರತದ 2013ರ ಕೃತಿಸ್ವಾಮ್ಯ ನಿಯಮಾವಳಿಯ 75ನೆಯ ನಿಯಮದಡಿ. ದೂರು ಸರಿಯೆಂದು ತೋರಿದರೆ ಸೇವೆಯವರು 36 ಗಂಟೆಗಳೊಳಗೆ ಕಡತವನ್ನು ತಡೆಹಿಡಿಯಬೇಕು. 21 ದಿನಗಳೊಳಗೆ ದೂರುದಾರರು ನ್ಯಾಯಾಲಯದ ಆದೇಶ ತರದಿದ್ದರೆ ಮತ್ತೆ ತೆರೆಯಬಹುದು. ನಮ್ಮ ಮಾತನ್ನು ಅಲ್ಲಿ ಯಾರೂ ಕೇಳುವುದಿಲ್ಲ, ಅದಕ್ಕೊಂದು ನಮೂನೆಯೂ ಇಲ್ಲ, ತೆರೆಯಲೇಬೇಕೆಂಬ ಕಟ್ಟುಪಾಡೂ ಇಲ್ಲ. ಅದೊಂದು ಕೊರತೆ. ಆದರೆ ನಮ್ಮ ಮನೆ ಎಲ್ಲಿದೆ ಎಂದು ಕೇಳುವವರೂ ಇಲ್ಲ. ತಾನು ಹೇಳುವುದು ನಿಜವೆಂದು ನ್ಯಾಯಾಲಯದ ಎದುರು ತೋರಿಸಬೇಕಾದ ಭಾರ ದೂರು ಕೊಟ್ಟವರ ಮೇಲೆಯೇ ಇದೆ. ಆದೇಶ ಬರಲಿಲ್ಲ, ಕೊಂಡಿ ಮತ್ತೆ ತೆರೆಯಿತು. ಎರಡನ್ನೂ ಹಾದುಬಂದ ಮೇಲೆ ನನಗೆ ಅನಿಸುವುದು, ನಮ್ಮ ನಿಯಮಕ್ಕೆ ಹಂಚಿದವರ ಉತ್ತರ ಕೇಳುವ ಒಂದು ಹಂತವನ್ನು ಸೇರಿಸಬೇಕು, ಆ ಉತ್ತರದಲ್ಲಿರುವ ವಿಳಾಸವನ್ನು ನ್ಯಾಯಾಲಯ ಹೇಳುವವರೆಗೆ ಸೇವೆಯವರೇ ಕಾಯ್ದಿಡಬೇಕು. ಇದು ಅಸಾಧ್ಯವಾದ ಬೇಡಿಕೆಯಲ್ಲ.

ಈಗ ಪ್ರತಿ ಕ್ಯಾಸೆಟ್ಟಿಗೂ ಹಂಚುವ ಮೊದಲೇ ಒಪ್ಪಿಗೆ ಪತ್ರ ಮಾಡಿಸುತ್ತೇವೆ. ಎಲ್ಲರೂ ಒಪ್ಪುತ್ತಾರೆಂದಲ್ಲ. ಮುಂಬೈಯಲ್ಲಿರುವ ಅರ್ಥಧಾರಿಯೊಬ್ಬರ ಮಕ್ಕಳು, ತಂದೆಯವರು ಕೊನೆಗಾಲದಲ್ಲಿ ಮರೆವಿನಿಂದ ಬಳಲುತ್ತಿದ್ದಾಗ ಹೇಳಿದ ಅರ್ಥ ಅದು, ಲೋಕವೆಲ್ಲ ಅದನ್ನು ಕೇಳುವುದು ಬೇಡ ಎಂದರು. ಆ ಕೂಟವನ್ನು ಅಂತರ್ಜಾಲದಲ್ಲಿ ಇಡಲಿಲ್ಲ. ಲಾಭಕ್ಕಾಗಿ ನಡೆಯದ ಸಂಘವು ತನ್ನ ಚಟುವಟಿಕೆಯ ಭಾಗವಾಗಿ ಧ್ವನಿಮುದ್ರಣವನ್ನು ಕೇಳಿಸುವುದಕ್ಕೆ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮಿನಲ್ಲಿ ಎಡೆಯಿರುವುದರಿಂದ, ಅದನ್ನಾದರೂ ಮಾಡಬಹುದೇ ಎಂದು ಅವರನ್ನು ಕೇಳಿ ಬರೆದಿದ್ದೇವೆ. ಉತ್ತರ ಬರುವವರೆಗೆ ಆ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿ, ಹೆಸರು ಬರೆದು, ಗ್ರಂಥಾಲಯದ ಕಪಾಟಿನಲ್ಲಿ ಇಟ್ಟಿದ್ದೇವೆ.